ಪಂಚಪ್ಪನ ಜ್ಞಾನವೂ ವೀರಬಸಪ್ಪನವರ ಬಾವಿಯೂ

ಪಂಚಪ್ಪನಿಗೆ ಜ್ಞಾನೋದಯವಾದದ್ದು ಮರದ ಕೆಳಗಲ್ಲ, ಮೆಜೆಸ್ಟಿಕ್ಕಿನಿಂದ ಯಶವಂತಪುರಕ್ಕೆ ಹೋಗುವ ಬಿ.ಟಿ.ಎಸ್. ಬಸ್ಸಿನಲ್ಲಿ. ಮರದ ಕೆಳಗೆ ಕೂರಬೇಕಾದರೆ ರಜೆ ಬೇಕು. ಗಾಂಧಿನಗರದ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಬುಕಿಂಗ್ ಗುಮಾಸ್ತನಾಗಿದ್ದ ಅವನಿಗೆ ಅಷ್ಟೆಲ್ಲ ರಜೆ ಯಾರು ಕೊಡುತ್ತಾರೆ?

ಎಂಬತ್ಮೂರನೇ ಇಸವಿಯ ಬೇಸಿಗೆ. ಸಂಜೆಯ ಬಸ್ಸಿನಲ್ಲಿ ಯಾವುದು ಯಾರ ಕೈ ಎಂದು ತಿಳಿಯಬೇಕಾದರೆ ಬೆರಳು ಅಲ್ಲಾಡಿಸಿ ನೋಡಬೇಕಾದಂಥ ನೂಕುನುಗ್ಗಲು. ಹಣೆಯ ಬೆವರು ಕಣ್ಣಿಗಿಳಿದು ಉರಿಯತೊಡಗಿತು. ಪಂಚಪ್ಪ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದನ್ನು ಹೇಗೋ ಕೆಳಗೆ ತೂರಿಸಿ, ಜೇಬಿನಿಂದ ಕರ್ಚೀಫು ಎಳೆದು ಮುಖ ಒರೆಸಿದ, ಕತ್ತು ಒರೆಸಿದ, ಬಂದದ್ದು ಬಂದಾಯಿತೆಂದು ಮೂಗನ್ನೂ ಒರೆಸಿ, ನೀಟಾಗಿ ಮಡಚಿ ಅದೇ ಜೇಬಿಗೆ ವಾಪಸ್ಸು ಇಟ್ಟ. ಕರ್ಚೀಫಿನ ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಬಟ್ಟೆ ಇದ್ದದ್ದು ಕಣ್ಣಿಗೆ ಬಿತ್ತು. ಹೆಂಡತಿ ಹೊಸದು ಇಟ್ಟಿರಬೇಕು ಅಂದುಕೊಂಡ.

ಮನೆಗೆ ಬಂದು ಪ್ಯಾಂಟು ಬಿಚ್ಚಿ ಗೂಟಕ್ಕೆ ನೇತುಹಾಕುವಾಗ ಅದರ ಜೇಬಿನಿಂದ ಅವನ ಬಿಳಿ ಕರ್ಚೀಫು ಕೆಳಗೆ ಬಿತ್ತು. ಬೆಳಿಗ್ಗೆ ಮಡಚಿಟ್ಟ ಗೆರೆ ಇನ್ನೂ ಹಾಗೇ ಇತ್ತು. ಒಣಗಿ ಗರಿಗರಿಯಾಗಿತ್ತು. ಪಂಚಪ್ಪ ಪಟಾಪಟಿ ಚಡ್ಡಿಯಲ್ಲಿ ಅದನ್ನೇ ನೋಡುತ್ತ ನಿಂತ. ಹಾಗೆ ನಿಂತಿದ್ದಾಗಲೇ ಅವನಿಗೆ ಪರಮಸತ್ಯ ಹೊಳೆಯಿತು. ಪರಮಸತ್ಯ ಉಡುಪು ನೋಡಿ ಬರುವುದಿಲ್ಲ.

"ಏ ಇವಳ, ಇಲ್ಲಿ ಕೇಳು," ಎಂದ. ಅವನ ಕಡೆಯವರು ಕೊಪ್ಪಳದ ಸೀಮೆಯವರು. ಬೆಂಗಳೂರಿಗೆ ಬಂದು ಏಳೆಂಟು ವರ್ಷವಾದರೂ ಮಾತು ಮಾತ್ರ ರೈಲು ಹತ್ತಿರಲಿಲ್ಲ. "ನಂದು ಅಂತ ಕೈ ಹಾಕಿದ ಜೇಬು ನಂದಲ್ಲ. ಮತ್ತೊಬ್ಬಂದು. ಆದರ ನನಗ ಬ್ಯಾರೆ ಅನ್ನಿಸಲೇ ಇಲ್ಲ. ಅವನಿಗೂ ಅನ್ನಿಸಲಿಲ್ಲ. ಹಂಗಾರ ಈ ನಂದು, ನಿಂದು ಅನ್ನೂದು ಎಲ್ಲೈತಿ?"

"ಪೊಲೀಸ್ ಠಾಣ್ಯಾಗ ಐತಿ," ಎಂದಳು ಶರಣವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಕೈ ಸಿಕ್ಕಿಬಿದ್ದಿದ್ರ ಅವರ ತೋರಸ್ತಿದ್ರು."

ಹೆಂಡಂದಿರಿಗೆ ಜ್ಞಾನ ದಕ್ಕುವುದಿಲ್ಲ ಎಂದು ಎಲ್ಲ ಜ್ಞಾನಿಗಳ ಹಾಗೆ ಪಂಚಪ್ಪನೂ ತಿಳಿದ. ಆದರೆ ತಾನು ಕಂಡ ಸತ್ಯವನ್ನು ಒಬ್ಬನೇ ಇಟ್ಟುಕೊಳ್ಳುವುದು ಬರಗಾಲದಲ್ಲಿ ಅಕ್ಕಿಮೂಟೆ ಬಚ್ಚಿಟ್ಟ ಹಾಗೆ ಎಂದು ಅವನಿಗೆ ಬಲವಾಗಿ ಅನ್ನಿಸಿತು. ಮಾರನೇ ದಿನದಿಂದಲೇ ಬಾಯಿ ಬಿಟ್ಟು ಹಂಚತೊಡಗಿದ. ಮೊದಲು ಬಸ್ ಕಂಡಕ್ಟರಿಗೆ.

"ನೋಡ್ರಿ, ನಾನು ಬ್ಯಾರೆ ನೀವು ಬ್ಯಾರೆ ಅಲ್ಲ."

"ಹೌದಾ ಗುರುವೇ? ಹಂಗಾದ್ರೆ ನೀವು ಟಿಕೆಟ್ ತಗೊಳ್ಳಿ, ನಾನೇ ತಗೊಂಡಂಗಾಗುತ್ತೆ."

ಕ್ಷೌರದಂಗಡಿಯಲ್ಲಿ ಪೂರ್ತಿ ಕೇಳಿಸಿಕೊಂಡರು. ಕ್ಷೌರಿಕ ತನ್ಮಯನಾಗಿ ಕಿವಿಯ ಮೇಲೆ ಕೂದಲು ಎಷ್ಟು ಬಿಡಬೇಕೋ ಅಷ್ಟು ಬಿಡಲಿಲ್ಲ. ಆಫೀಸಿನಲ್ಲಿ, ನಂದು ನಿಂದು ಅನ್ನೋದಿಲ್ಲ ತಾನೇ ಎಂದು ಮ್ಯಾನೇಜರು ತಮ್ಮ ಟೇಬಲ್ಲಿನ ಕೆಲಸವನ್ನೂ ಇವನ ಟೇಬಲ್ಲಿಗೆ ಸರಿಸಿದರು. ಹೀಗೆ ಜ್ಞಾನಕ್ಕೆ ಸಿಗಬೇಕಾದ ಪ್ರತಿಫಲವೆಲ್ಲ ಕೈತಪ್ಪಿ ಹೋಗುತ್ತಿರುವಾಗ ಅದು ವೀರಬಸಪ್ಪನವರ ಕಿವಿಗೆ ಬಿತ್ತು.

ವೀರಬಸಪ್ಪನವರು ಪಂಚಪ್ಪನಿದ್ದ ವಠಾರದ ಮಾಲೀಕರು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಮಂಡಿ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಶಿವ. ಪ್ರತಿ ಸೋಮವಾರ ಸಂಜೆ ತಮ್ಮ ಮನೆಯ ಜಗಲಿಯ ಮೇಲೆ ಅನುಭವ ಗೋಷ್ಠಿ ನಡೆಸುತ್ತಿದ್ದರು. ಅನುಭವ ಯಾರಿಗೂ ಆಗಿರಲಿಲ್ಲವಾದ್ದರಿಂದ ಗೋಷ್ಠಿ ಸಾಮಾನ್ಯವಾಗಿ ಬೆಲ್ಲದ ಧಾರಣೆಯ ಕಡೆಗೆ ಜಾರುತ್ತಿತ್ತು. ಈಗ ತಮ್ಮದೇ ವಠಾರದಲ್ಲಿ, ತಮ್ಮದೇ ಜನದಲ್ಲಿ, ಅನುಭವ ಆದವನೊಬ್ಬ ಸಿಕ್ಕಿದ್ದ.

"ಬನ್ನಿ ಪಂಚಪ್ಪೋರೇ, ಕುರ್ಚಿ ಮೇಲೆ ಕೂತ್ಕೊಳ್ಳಿ," ಎಂದರು. ಅಲ್ಲಿಯವರೆಗೂ ಅವನು ಬಾಡಿಗೆ ಕೊಡಲು ಬಂದಾಗ ನಿಂತೇ ಕೊಡುತ್ತಿದ್ದ.

ಪಂಚಪ್ಪ ಹೇಳಿದ. ಬಸ್ಸು, ಬೆವರು, ಜೇಬು, ನಾಲ್ಕು ಬಣ್ಣದ ಕರ್ಚೀಫು ಎಲ್ಲ ಹೇಳಿದ. ಸಭೆ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿತು. ಕೊನೆಯಲ್ಲಿ ವೀರಬಸಪ್ಪನವರು ಎದ್ದು ವ್ಯಾಖ್ಯಾನ ಮಾಡಿದರು.

"ಸಾಮಾನ್ಯ ಕರ್ಚೀಫ್ ಅಲ್ಲ ಕಣ್ರೀ ಅದು. ನಾಲ್ಕು ಮೂಲೆ, ನಾಲ್ಕು ಬಣ್ಣ. ನಾಲ್ಕು ದಿಕ್ಕು, ನಾಲ್ಕು ಥರದ ಜನ. ಆದ್ರೆ ಹೊಲಿದೋನು ಯಾರು? ಒಬ್ಬನೇ. ಆ ಜೇಬಿನೊಳಗೆ ಸಾಕ್ಷಾತ್ ಶಿವನೇ ಇದ್ದ."

ಎಲ್ಲರೂ ಕೈಮುಗಿದರು. ಜಗಲಿಯ ಕೆಳಗೆ, ಮೆಟ್ಟಿಲ ಬದಿಯಲ್ಲಿ ನಿಂತು ಕೇಳುತ್ತಿದ್ದ ದಸ್ತಗೀರ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ದಸ್ತಗೀರ್ ಕಾಟನ್‌ಪೇಟೆಯಲ್ಲಿ ಟೈಲರು; ವಠಾರದ ಮುಂದಿನ ರಸ್ತೆಗೆ ಬಾಗಿಲಿದ್ದ ಕೋಣೆಯಲ್ಲಿ ಹೆಂಡತಿ ಮಲ್ಕಾಳೊಂದಿಗೆ ಬಾಡಿಗೆಗಿದ್ದ. ಗೋಷ್ಠಿಯಲ್ಲಿ ಅವನಿಗೆ ಮೆಟ್ಟಿಲಿನ ತನಕ ಪ್ರವೇಶವಿತ್ತು, ಮಾತಿಗೆ ಅದೂ ಇರಲಿಲ್ಲ.

ವೀರಬಸಪ್ಪನವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ಶಾಶ್ವತ ಮಾಡಬೇಕೆನಿಸಿತು. ಲಾರಿಗಳ ಹಿಂದೆ ಹಾರ್ನ್ ಪ್ಲೀಸ್ ಬರೆಯುವ ಪೇಂಟರ್ ಮುಕ್ತಾರನನ್ನು ಕರೆಸಿ, ವಠಾರದ ನಡುವಿನ ಬಾವಿಕಟ್ಟೆಯ ಮೇಲೆ ಎರಡು ಕಡೆ ಕಮಲದ ಹೂವು ಬಿಡಿಸಿ ಕೆಂಪು ಬಣ್ಣದಲ್ಲಿ ಬರೆಸಿದರು:

ಇಲ್ಲಿ ನನ್ನದು ನಿನ್ನದು ಎಂಬುದಿಲ್ಲ

ಅದರ ಕೆಳಗೆ, ಇನ್ನೂ ದಪ್ಪವಾಗಿ: ಮಾಲೀಕರು, ವೀರಬಸಪ್ಪ, ಬೆಲ್ಲದ ಮಂಡಿ, ಯಶವಂತಪುರ.

ಈ ಎರಡು ಸಾಲು ಒಂದರ ಕೆಳಗೊಂದು ಇರುವುದರಲ್ಲಿ ಏನಾದರೂ ಇರುಸುಮುರುಸು ಇದೆಯೆಂದು ಅವರಿಗಾಗಲಿ, ಪಂಚಪ್ಪನಿಗಾಗಲಿ ಅನ್ನಿಸಲಿಲ್ಲ. ಓದು ಬಲ್ಲವರಿಗೆ ಅಂಥದ್ದೆಲ್ಲ ಕಾಣುವುದು ಕಡಿಮೆ.

ಇನ್ನು ಬಾವಿಯ ವಿಷಯ ಹೇಳಬೇಕು. ಆ ಬಾವಿಗೆ ಒಂದು ರಾಟೆ, ಒಂದು ಹಗ್ಗ, ಒಂದು ಬಕೆಟ್ಟು. ಬೆಳಿಗ್ಗೆ ಮೊದಲು ಮಾಲೀಕರ ಹೆಂಡತಿ ರತ್ನಕ್ಕ ಸೇದಬೇಕು, ಆಮೇಲೆ ವಠಾರದ ಮನೆಗಳವರು ಸಾಲಾಗಿ, ಎಲ್ಲರದೂ ಮುಗಿದ ಮೇಲೆ ಮಲ್ಕಾ. ಮಾರಮ್ಮ ಸೇದುವಂತೆಯೇ ಇರಲಿಲ್ಲ. ಮಾರಮ್ಮ ರೈಲ್ವೆ ಹಳಿಯಾಚೆಯ ದಲಿತರ ಕಾಲೋನಿಯವಳು, ವಠಾರದ ಮೋರಿ ಮತ್ತು ಕಕ್ಕಸು ತೊಳೆಯುವವಳು. ಕೆಲಸ ಮುಗಿಸಿ ತನ್ನ ಕೊಡವನ್ನು ಒಗೆಯುವ ಕಲ್ಲಿನ ಬಳಿ ಇಟ್ಟು ದೂರ ಸರಿದು ನಿಲ್ಲಬೇಕು. ಯಾರಿಗಾದರೂ ಪುಣ್ಯದ ಮೇಲೆ ಮನಸ್ಸಾದಾಗ ಒಂದು ಬಕೆಟ್ಟು ಸೇದಿ, ಮೇಲಿನಿಂದ, ಕೊಡಕ್ಕೆ ಬಕೆಟ್ಟು ತಾಗದ ಹಾಗೆ ಸುರಿಯಬೇಕು. ಅರ್ಧ ನೀರು ಕೊಡದೊಳಕ್ಕೆ, ಅರ್ಧ ಅವಳೇ ತೊಳೆದ ಮೋರಿಗೆ. ಯುಗಾದಿಯಿಂದೀಚೆಗೆ ಕಾಲೋನಿಯ ನಲ್ಲಿಯಲ್ಲಿ ಗಾಳಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮನೆಯಲ್ಲಿ ಮುದುಕಿ ಅತ್ತೆ ಮುನಿಕೆಂಪಮ್ಮನೂ ಮಕ್ಕಳೂ ಈ ಒಂದು ಕೊಡಕ್ಕಾಗಿ ಕಾಯುತ್ತಿದ್ದರು. ಪುಣ್ಯದ ಮೇಲೆ ಜನರಿಗೆ ಮನಸ್ಸಾಗುವುದು ಕೆಲವು ದಿನ ಬೇಗ, ಕೆಲವು ದಿನ ಊಟವಾದ ಮೇಲೆ.

ಬಣ್ಣ ಒಣಗಿದ ಬೆಳಿಗ್ಗೆ ಪಂಚಪ್ಪ ಹಲ್ಲುಜ್ಜುತ್ತ ತನ್ನ ಮಾತನ್ನು ತಾನೇ ಓದಿಕೊಳ್ಳುತ್ತ ನಿಂತಿದ್ದ. ಮಾರಮ್ಮ ಪೊರಕೆ ಕೆಳಗಿಟ್ಟು ಕೇಳಿದಳು.

"ಏನಂತ ಬರ್ದವ್ರೆ ಸಾಮಿ ಇದು?"

ಇಷ್ಟು ದಿನದಲ್ಲಿ ತಾನಾಗಿಯೇ ಬಂದು ಕೇಳಿದ ಮೊದಲ ಜೀವ ಇದು. ಪಂಚಪ್ಪ ಗಡಿಬಿಡಿಯಿಂದ ಬಾಯಿ ಮುಕ್ಕಳಿಸಿದ.

"ಇಲ್ಲಿ ನಂದು ನಿಂದು ಅನ್ನೂದು ಇಲ್ಲ ಅಂತ ಬರದೈತವ್ವ."

"ಯಾರ್ದೂ ಅಲ್ವಾ?"

"ಯಾರದೂ ಅಲ್ಲ. ಎಲ್ಲಾರದೂ."

"ಎಲ್ಲಾರ್ದೂ ಅಂದ್ರೆ, ನಮ್ಮಂತೋರ್ದೂನಾ?"

"ನಮ್ಮಂಥವರು, ನಿಮ್ಮಂಥವರು ಅನ್ನೂದ ಭ್ರಮೆ ಅವ್ವ. ಅದನ್ನ ಮೊದಲ ಬಿಡಬೇಕು."

"ನಾನು ಬಿಟ್ಬುಡ್ತೀನಿ. ಅವ್ರು ಬಿಟ್ಟವ್ರಾ?"

"ಅವರ ಬರಸ್ಯಾರಲ್ಲ."

"ಯಾರಾನಾ ಕೇಳುದ್ರೆ?"

"ಕೇಳಾವರು ಯಾರು? ಹೇಳಾವರು ಯಾರು? ಎಲ್ಲಾ ಒಬ್ಬನ," ಎಂದ ಪಂಚಪ್ಪ ಕಣ್ಣು ಮುಚ್ಚಿ. ಒಳ್ಳೆಯ ಮಾತು ಹೇಳುವಾಗ ಕಣ್ಣು ಮುಚ್ಚುವ ಅಭ್ಯಾಸ ಅವನಿಗೆ ಗೋಷ್ಠಿಯಿಂದ ಬಂದಿತ್ತು.

ಕಣ್ಣು ತೆರೆದಾಗ ರಾಟೆ ಕಿರುಗುಟ್ಟುತ್ತಿತ್ತು. ಮಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಎಳೆಯುತ್ತಿದ್ದಳು. ತುಂಬಿದ ಬಕೆಟ್ಟು ಕಟ್ಟೆಯ ಮೇಲೆ ಬಂತು. ಅದನ್ನು ಅವಳು ಕೊಡದ ಬಾಯಿಗೆ ತಾಗಿಸಿ, ಒಂದು ಹನಿಯೂ ಆಚೆ ಬೀಳದ ಹಾಗೆ ಬಗ್ಗಿಸಿದಳು.

ರತ್ನಕ್ಕನ ಕೈಯಲ್ಲಿದ್ದ ತಾಮ್ರದ ಬಿಂದಿಗೆ ಬಿದ್ದ ಶಬ್ದಕ್ಕೆ ಇಡೀ ವಠಾರ ಹೊರಗೆ ಬಂತು.

"ಅಯ್ಯೋ ಏನೇ ಮಾಡ್ದೆ, ಹಗ್ಗ ಮುಟ್ಟಿಬಿಟ್ಟೆಯಲ್ಲೇ. ಯಾರೇ ಹೇಳಿದ್ದು ನಿಂಗೆ?"

"ಈ ಸಾಮಿ," ಎಂದು ಮಾರಮ್ಮ ಪಂಚಪ್ಪನ ಕಡೆ ಕೈ ಮಾಡಿದಳು. "ಅವ್ರಿಗೂ ಯಜಮಾನ್ರು ಏಳವ್ರೆ ಅಂತೆ."

ಬಾವಿಯ ನೀರೆಲ್ಲ ಸೇದಿ ಚೆಲ್ಲಬೇಕು ಎಂದರು ಕೆಲವರು. ಹೊಸ ಹಗ್ಗ ಬೇಕು ಎಂದರು ಇನ್ನು ಕೆಲವರು. ಗದ್ದಲಕ್ಕೆ, ಬೀಟಿನ ಮೇಲಿದ್ದ ಹೆಡ್ ಕಾನ್‌ಸ್ಟೇಬಲ್ ಮುನಿಯಲ್ಲಪ್ಪ ಸೈಕಲ್ಲು ನಿಲ್ಲಿಸಿ ಒಳಗೆ ಬಂದ.

"ಏನ್ ಸಮಾಚಾರ? ಏನಂತೆ ಬಾವಿ ವಿಷಯ?"

ಬಾವಿಯಿಂದ ಒಬ್ಬರನ್ನು ಜಾತಿ ನೋಡಿ ದೂರ ನಿಲ್ಲಿಸಿದರೆ ಜೈಲೆಂದು ಕಾನೂನಿದೆ. ಆ ಕಾನೂನು ಪುಸ್ತಕದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿರುತ್ತದೆ. ಖಾಕಿ ಬಟ್ಟೆ ಕಂಡಾಗ ಮಾತ್ರ ಮಂಡಿ ಮಾಲೀಕರಿಗೆ ಅದರ ನೆನಪಾಗುತ್ತದೆ. ವೀರಬಸಪ್ಪನವರು ಜಗಲಿಯಿಂದ ಇಳಿದು ಬಂದು, ಬೆಲ್ಲಕ್ಕಿಂತ ಸಿಹಿಯಾಗಿ ನಕ್ಕರು.

"ಏನಿಲ್ಲ ಮುನಿಯಲ್ಲಪ್ಪೋರೇ. ಸಂತೋಷದ ಗಲಾಟೆ. ನಮ್ಮ ಬಾವೀನ ಎಲ್ಲಾ ಜನಕ್ಕೂ ಬಿಟ್ಕೊಟ್ಟಿದ್ದೀವಿ. ನೋಡಿ, ಬರೆಸೂ ಇದ್ದೀನಿ."

ಮುನಿಯಲ್ಲಪ್ಪ ಓದಿದ, ಕೆಳಗಿನ ಹೆಸರನ್ನೂ ಓದಿದ, ಸೆಲ್ಯೂಟು ಹೊಡೆದು ಹೋದ. ಹೋದವನು ಠಾಣೆಯಲ್ಲಿ ಹೇಳಿದ. ಠಾಣೆಯವರು ಸಮಾಜ ಕಲ್ಯಾಣ ಇಲಾಖೆಗೆ ಹೇಳಿದರು. ಇಲಾಖೆಯಲ್ಲಿ ಆ ವಾರವೇ ಅಸ್ಪೃಶ್ಯತಾ ನಿವಾರಣಾ ಸಪ್ತಾಹ ನಡೆಯುತ್ತಿತ್ತು. ಭಾಷಣಗಳಾಗಿದ್ದವು, ಬ್ಯಾನರುಗಳಾಗಿದ್ದವು, ಎಲ್ಲಾದರೂ ಅಸ್ಪೃಶ್ಯತೆ ನಿಜವಾಗಿ ನಿವಾರಣೆಯಾಗಿದೆಯೇ ಎಂದು ಅಧಿಕಾರಿಗಳು ಜೀಪಿನಲ್ಲಿ ಹುಡುಕುತ್ತಿದ್ದರು. ಮೂರನೇ ದಿನ ಜೀಪು ವಠಾರದ ಮುಂದೆ ನಿಂತಿತು.

ಸಫಾರಿ ಸೂಟಿನ ಅಧಿಕಾರಿ ವೀರಬಸಪ್ಪನವರ ಕೊರಳಿಗೆ ಸುಗಂಧರಾಜದ ಹಾರ ಹಾಕಿ ಕೈ ಕುಲುಕಿದರು. "ನಿಮ್ಮಂಥ ವರ್ತಕರು ಪ್ರತಿ ಬೀದಿಗೂ ಒಬ್ಬರಿದ್ದರೆ ನಮ್ಮ ಇಲಾಖೆಯನ್ನೇ ಮುಚ್ಚಬಹುದು," ಎಂದರು. ಆಮೇಲೆ ತಮ್ಮ ಕೆಲಸದ ಬಗ್ಗೆ ತಾವೇ ಗಾಬರಿಯಾಗಿ, "ನಿಧಾನವಾಗಿ," ಎಂದು ಸೇರಿಸಿದರು.

ಜೊತೆಗೆ ಬಂದಿದ್ದ ಪೇಪರಿನ ಫೋಟೋದವನು ಹೇಳಿದ: "ಯಜಮಾನ್ರು ಮತ್ತೆ ಆಯಮ್ಮ ಇಬ್ರೂ ಒಟ್ಟಿಗೆ ಹಗ್ಗ ಹಿಡ್ಕೊಳ್ಳಿ. ಸ್ವಲ್ಪ ಹತ್ರ. ಯಜಮಾನ್ರೇ, ನಗಿ."

ವೀರಬಸಪ್ಪನವರು ನಕ್ಕರು. ಹಲ್ಲುನೋವಿನ ಪುಡಿಯ ಜಾಹೀರಾತಿನಲ್ಲಿ, ಪುಡಿ ಹಚ್ಚುವುದಕ್ಕೆ ಮೊದಲಿನ ಚಿತ್ರದ ಹಾಗೆ ಬಂತು ಆ ನಗು.

"ಈ ಮಾತು ಯಾರಿಗೆ ಹೊಳೆದದ್ದು?" ಎಂದು ಅಧಿಕಾರಿ ಕೇಳಿದರು. ಪಂಚಪ್ಪ ಒಂದು ಹೆಜ್ಜೆ ಮುಂದೆ ಬಂದ. ವೀರಬಸಪ್ಪನವರ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಹೋದ.

ಅಂದಿನಿಂದ ಮಾರಮ್ಮ ದಿನಾ ಸೇದಿದಳು. ಕೆಲಸಕ್ಕೆ ಮೊದಲೊಂದು ಕೊಡ, ಮುಗಿದ ಮೇಲೊಂದು ಕೊಡ. ಮುನಿಕೆಂಪಮ್ಮ ಹಬ್ಬವಲ್ಲದ ವಾರದ ದಿನವೂ ತಲೆಗೆ ನೀರು ಹಾಕಿಕೊಂಡಳೆಂದು ಸುದ್ದಿ ಬಂತು. ಮಲ್ಕಾ ಸರದಿಗೆ ಕಾಯುವುದನ್ನು ಬಿಟ್ಟು ಮಾರಮ್ಮನ ಹಿಂದೆಯೇ ನಿಂತಳು. ಅವರ ಹಿಂದೆ ಶರಣವ್ವ. ಉಳಿದ ಮನೆಗಳವರು ಬಿಂದಿಗೆ ಹೊತ್ತು ರಸ್ತೆಯ ನಲ್ಲಿಗೆ ಹೋಗಿ, ಅದರ ಗಾಳಿ ಕೇಳುತ್ತ, ಧರ್ಮ ಉಳಿಸಿಕೊಂಡು, ಸ್ನಾನವಿಲ್ಲದೆ ಬಂದರು. ಇದು ಹೆಚ್ಚು ದಿನ ನಡೆಯುವಂಥದ್ದಲ್ಲ. ವಾರ ಕಳೆದು ಸೋಮವಾರ ಬಂತು, ಗೋಷ್ಠಿ ಸೇರಿತು. ಅಂದು ಪಂಚಪ್ಪನಿಗೆ ಕುರ್ಚಿ ಇರಲಿಲ್ಲ.

"ನಾವು ಹೇಳಿದ್ದು ಆತ್ಮದ ವಿಷಯ," ಎಂದರು ವೀರಬಸಪ್ಪನವರು. "ಬಾವಿ ವಿಷಯ ಮಧ್ಯದಲ್ಲಿ ಎಲ್ಲಿಂದ ಬಂತು?"

"ಬಾವಿ ಮೇಲೆ ಬರೆಸಿದ್ದು ಯಾರು ಮತ್ತೆ?" ಎಂದಳು ರತ್ನಕ್ಕ ಬಾಗಿಲಿನಿಂದ. ಎಂಟು ದಿನದ ಒಣ ಮಡಿ ಅವಳ ತಾಳ್ಮೆಯನ್ನು ತಿಂದಿತ್ತು. "ಆತ್ಮದ ಮೇಲೇ ಬರೆಸ್ಬೇಕಾಗಿತ್ತು."

"ನೀನು ಒಳಗಿರು. ಪಂಚಪ್ಪೋರೇ, ನೀವೇ ಹೇಳಿ. ಆತ್ಮಕ್ಕೆ ಭೇದ ಇಲ್ಲ, ಬಾವಿಗೆ ಇದೆ. ಹೌದೋ ಅಲ್ವೋ?"

ಪಂಚಪ್ಪ ತಲೆ ಕೆರೆದುಕೊಂಡ. "ನನಗ ತಿಳಿದದ್ದು ಜೇಬಿನ ವಿಷಯ ರೀ. ಬಸ್ಸಿನ್ಯಾಗ ಯಾರದೋ ಜೇಬಿಗೆ ಕೈ ಹಾಕಿದೆ, ಭೇದ ಕಾಣಲಿಲ್ಲ."

"ಯಾರದೋ ಜೇಬಲ್ಲ ಅದು. ಯಾರೋ ಮಹಾ ಶರಣನ ಜೇಬು. ಜಂಗಮ ರೂಪದಲ್ಲಿ ಶಿವನೇ ಬಂದಿದ್ದ. ಅಂಥ ಜೇಬಲ್ಲಿ ಭೇದ ಇರಲ್ಲ. ಅದನ್ನ ಕಂಡೋರ ಜೇಬಿಗೆಲ್ಲ ಹೋಲಿಸಬಾರದು."

ಮೆಟ್ಟಿಲ ಬದಿಯಲ್ಲಿ ಯಾರೋ ಕೆಮ್ಮಿದರು.

"ಅಣ್ಣಾ," ಎಂದ ದಸ್ತಗೀರ್, "ಆ ಜೇಬು ನಂದು."

ಅವನು ಕರ್ಚೀಫು ತೆಗೆದು ಬಿಡಿಸಿ ಹಿಡಿದ. ಒಂದು ಮೂಲೆ ನೀಲಿ, ಒಂದು ಗೀಟುಗೀಟು, ಒಂದು ಖಾಕಿ, ಒಂದು ಮದುವೆ ಶರ್ಟಿನ ಗುಲಾಬಿ. "ಅಂಗಡೀಲಿ ಉಳಿದ ಚೂರು ಬಟ್ಟೆ ಎಸೆಯೋಕೆ ಮನಸ್ಸು ಬರಲ್ಲ. ಸೇರಿಸಿ ಹೊಲ್ಕೊಂಡೆ. ಹೊಲಿದೋನು ಒಬ್ಬನೇ ಅಂದ್ರಲ್ಲ, ಅದು ನಾನೇ."

ವೀರಬಸಪ್ಪನವರು ಜಗಲಿಯ ಅಂಚಿಗೆ ಬಂದು ಕರ್ಚೀಫನ್ನು ಬಗ್ಗಿ ನೋಡಿದರು.

"ಅವತ್ತೇ ಹೇಳೋಕೆ ಏನಾಗಿತ್ತಯ್ಯಾ ನಿಂಗೆ?"

"ಬಸ್ಸಲ್ಲಿ ಹೇಳೋಣ ಅಂದ್ರೆ ಪಂಚಪ್ಪೋರು ಮೂಗು ಒರೆಸ್ಕೊಳ್ತಾ ಇದ್ರು. ಮಧ್ಯದಲ್ಲಿ ಮಾತಾಡ್ಸೋದು ಚೆನ್ನಾಗಿರಲ್ಲ. ಇಲ್ಲಿ ಬಂದ್ರೆ ನೀವು ಅದನ್ನ ಶಿವನ ಜೇಬು ಅಂದ್ರಿ. ನಾಲ್ಕು ಜನದ ಮುಂದೆ ಅಲ್ಲ ಅನ್ನೋಕೆ ನಾನ್ಯಾರು?"

"ಒಗೆದಿದ್ದು ನಾನು, ಅದನ್ನೂ ಹೇಳಿ," ಎಂದಳು ಮಲ್ಕಾ ಹಿಂದಿನಿಂದ. "ಎರಡು ಸಲ ಸೋಪು ಹಾಕ್ದೆ."

ಕೈಮುಗಿದವರೆಲ್ಲ ತಂತಮ್ಮ ಕೈಗಳನ್ನು ನೋಡಿಕೊಂಡರು. ವೀರಬಸಪ್ಪನವರು ಜೇಬನ್ನು ಅಲ್ಲಿಗೇ ಬಿಟ್ಟು ವ್ಯವಹಾರಕ್ಕೆ ಬಂದರು. ಬಾವಿಗೆ ಬೀಗ ಹಾಕುವ ಹಾಗಿಲ್ಲ, ಅವರು ಹಗ್ಗ ಹಿಡಿದು ನಗುವ ಫೋಟೋ ಪೇಪರಿನಲ್ಲಿ ಬಂದಿದೆ. ಬಾಯಿಬಿಟ್ಟು ಬೇಡವೆನ್ನುವ ಹಾಗಿಲ್ಲ, ಮುನಿಯಲ್ಲಪ್ಪ ದಿನಾ ಸಂಜೆ ಬಂದು ಸೆಲ್ಯೂಟು ಹೊಡೆಯುತ್ತಾನೆ. ಬರೆದದ್ದನ್ನು ಅಳಿಸಿದರೆ ಜೀಪು ಮತ್ತೆ ಬರುತ್ತದೆ. ಉಳಿದದ್ದು ವ್ಯಾಖ್ಯಾನ ಒಂದೇ.

"ಇನ್ನೊಂದು ಸಾಲು ಸೇರಿಸಿಬಿಡ್ತೀನಿ," ಎಂದರು. "ಆದ್ರೆ ಆ ಮಾರಮ್ಮಂಗೆ ಓದೋಕೆ ಬರಲ್ಲ. ಓದಿ ಹೇಳಿ ತಲೆಕೆಡ್ಸಿದ್ದು ನೀವು, ಇದನ್ನೂ ನೀವೇ ಓದಿ ಹೇಳ್ತೀರಿ. ನಾನೇನೂ ಹೇಳಿದಂಗಾಗಬಾರದು. ಜ್ಞಾನ ಕೊಟ್ಟೋರೇ ತಿದ್ದುಪಡೀನೂ ಕೊಟ್ರು ಅನ್ನಂಗಿರಬೇಕು. ಇಲ್ಲಾಂದ್ರೆ ಪಂಚಪ್ಪೋರೇ, ಮನೆ ಖಾಲಿ ಮಾಡಿ. ಅದು ನನ್ನ ಮನೆ."

ಕೊನೆಯ ಮಾತಿನಲ್ಲಿದ್ದ ಒಂದು ಪದದ ಬಗ್ಗೆ ಗೋಷ್ಠಿಯಲ್ಲಿ ಯಾರೂ ಚರ್ಚೆ ಎತ್ತಲಿಲ್ಲ.

ಮುಕ್ತಾರ್ ಮತ್ತೆ ಬಂದ. ಕಮಲಗಳ ನಡುವೆ ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಬರೆದ: ಇದು ಆತ್ಮಕ್ಕೆ ಮಾತ್ರ ಅನ್ವಯ. ಬರೆದು ಮುಗಿಸಿ, ಬ್ರಷ್ಷು ಒರೆಸುತ್ತ, "ಲಾರಿ ಹಿಂದೆ ಬರೆಯೋದೇ ವಾಸಿ ಭಾಯ್," ಎಂದು ದಸ್ತಗೀರನಿಗೆ ಹೇಳಿದ. "ಬರೆದಿದ್ದು ಗಾಡಿ ಜೊತೆ ಊರು ಬಿಟ್ಟು ಹೋಗುತ್ತೆ."

ಬೆಳಿಗ್ಗೆ ಮಾರಮ್ಮ ಕೊಡ ಹಿಡಿದು ಬಂದಳು. ಬಾವಿಯ ಹತ್ತಿರ ಪಂಚಪ್ಪ ನಿಂತಿದ್ದ. ಜಗಲಿಯ ಮೇಲೆ ವೀರಬಸಪ್ಪನವರು ಪೇಪರು ಹಿಡಿದು ಕೂತಿದ್ದರು, ಹಾಳೆ ಮಗುಚುತ್ತಿರಲಿಲ್ಲ. ವಠಾರದ ಪ್ರತಿ ಬಾಗಿಲಿನ ಹಿಂದೆಯೂ ಒಂದೊಂದು ಖಾಲಿ ಬಿಂದಿಗೆ ಕಿವಿಗೊಟ್ಟು ನಿಂತಿತ್ತು.

"ಇನ್ನೊಂದ್ಸಾಲು ಬರ್ದಂಗದೆ," ಎಂದಳು ಮಾರಮ್ಮ. "ಏನಂತೆ ಸಾಮಿ?"

ಪಂಚಪ್ಪ ಸಾಲನ್ನು ನೋಡಿದ. ಜಗಲಿಯನ್ನು ನೋಡಿದ. ಕಣ್ಣು ಮುಚ್ಚಬೇಕೆಂದು ನೋಡಿದ. ಅಂದು ಯಾಕೋ ಕಣ್ಣು ಮುಚ್ಚಲಿಲ್ಲ. ಮಾರಮ್ಮನ ಕೊಡ ಎದುರಿಗೇ ಇತ್ತು, ಕಂಠದ ಹತ್ತಿರ ನಗ್ಗಿತ್ತು.

"ಮೊದಲ ಬರದದ್ದನ್ನ ಮತ್ತೊಮ್ಮಿ ಬರದಾರವ್ವ."

"ಅದ್ನೇಯಾ? ಎಲ್ಡ್ ಸಲ ಯಾಕೆ?"

"ಕೆಲವರಿಗೆ ಒಮ್ಮಿ ಬರದ್ರ ತಿಳಿಯಂಗಿಲ್ಲ."

"ಅದೂ ಸರಿ ಅನ್ನಿ," ಎಂದು ಮಾರಮ್ಮ ಬಕೆಟ್ಟು ಕೆಳಗೆ ಬಿಟ್ಟಳು.

ಜಗಲಿಯ ಮೇಲೆ ಪೇಪರು ಪರಪರ ಅಂದಿತು. "ಪಂಚಪ್ಪೋರೇ," ಎಂದು ಒಂದು ಧ್ವನಿ ಬಂತು. ಅದರಲ್ಲಿ ಶಿವನೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಪಂಚಪ್ಪ ಓಡಲಿಲ್ಲ ಎಂದು ಹೇಳಿಕೊಳ್ಳಬಹುದಾದಷ್ಟೇ ಬೇಗ ನಡೆದು ಮನೆಯೊಳಕ್ಕೆ ಹೋದ.

ಶರಣವ್ವ ಹಾಸಿಗೆ ಸುರುಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಪಾತ್ರೆಗಳು ಆಗಲೇ ಗೋಣಿಚೀಲ ಸೇರಿದ್ದವು.

"ನಾ ಏನ ಹೇಳಿದೆ ಅಂತ ನಿನಗೆಂಗ ಗೊತ್ತಾತು?"

"ನೀವು ಏನ ಹೇಳ್ತೀರಿ ಅಂತ ನಿಮಗ ಗೊತ್ತಿರಂಗಿಲ್ಲ, ನನಗ ಗೊತ್ತಿರ್ತೈತಿ. ಹೆಬ್ಬಾಳದ ಕಡೆ ಒಂದು ಮನಿ ಐತಂತ. ಮಲ್ಕಾ ಹೇಳ್ಯಾಳ."

"ಬಾವಿ ಐತೇನು?"

"ಐತಿ. ಅದರ ಮ್ಯಾಲೆ ಇನ್ನೂ ಏನೂ ಬರದಿಲ್ಲ. ನೀವು ಬಾಯಿ ಮುಚಗೊಂಡು ಇದ್ರ ಬರಿಯೂದೂ ಇಲ್ಲ."

ಪಂಚಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ಇಳಿಸಿ, ಪ್ಯಾಂಟು ನೇತುಹಾಕುತ್ತಿದ್ದ ಗೂಟಕ್ಕೆ ಕೈ ಹಾಕಿ ತಡೆದ.

"ಏ ಇವಳ, ಈ ಗೂಟ ನಮ್ಮದೋ, ವೀರಬಸಪ್ಪನವರದೋ?"

ಶರಣವ್ವ ಗಂಟು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಹೊರಗೆ ರಾಟೆ ಎರಡನೇ ಕೊಡಕ್ಕೆ ಕಿರುಗುಟ್ಟುತ್ತಿತ್ತು.

"ಕೀಳ್ರಿ," ಎಂದಳು.